ಉಗಾಂಡಕ್ಕೆ ಹೋಗೋ ಸೂಜಿ

ನಾನು ಎಲ್ಲಿಗೆ ಹೊರಟರೂ ಒಂದು ತಮಾಷೆ ನನಗಿಂತ ಮುಂಚೆ ಹೋಗಿ ಅಲ್ಲಿ ಕೂತಿರುತ್ತೆ. ಹಾಲಿನ ಡೈರಿಗೆ ಹೋದರೂ ಅಷ್ಟೆ, ಉಗಾಂಡಕ್ಕೆ ಹೋದರೂ ಅಷ್ಟೆ.

ಉಗಾಂಡ ಯಾಕೆ ಅಂದರೆ, ನನ್ನ ಅಳಿಯ ಪಾಂಡವಪುರದ ಕಡೆಯವನು, ಕಬ್ಬಿನ ಹಾಲು ಕಾಯಿಸಿ ಸಕ್ಕರೆ ಮಾಡೋ ಕೆಲಸ ಕಲಿತವನು. ಅಲ್ಲೂ ಕಬ್ಬು ಬೆಳೀತಾರಂತೆ; ಒಂದು ಕಾರ್ಖಾನೆಯವರು ಕರೆಸಿಕೊಂಡರು. ಜೊತೆಗೆ ಮಗಳೂ ಹೋದಳು. ಹೋದ ಸಲ ಅವಳ ಹೊಟ್ಟೇಲಿ ನಿಂತದ್ದು ಉಳೀಲಿಲ್ಲ. ಈ ಸಲ ಫೋನಿನಲ್ಲಿ, "ಅವ್ವ, ಹೆರಿಗೆ ಹೊತ್ಗೆ ನೀನ್ ಬರ್ಲೇಬೇಕು" ಅಂತ ಅತ್ತಳು. "ಬತ್ತೀನಿ ಕಣವ್ವ, ಅಳ್ಬ್ಯಾಡ" ಅಂದುಬಿಟ್ಟೆ.

ಆಮೇಲೆ ಗೊತ್ತಾಯಿತು, ಅಲ್ಲಿಗೆ ಹೋಗೋರು ಹಳದಿ ಜ್ವರದ ಸೂಜಿ ಹಾಕಿಸಿಕೊಂಡಿರಬೇಕು, ಹಾಕಿಸಿಕೊಂಡಿದ್ದಕ್ಕೆ ಸೀಲು ಬಿದ್ದ ಹಳದಿ ಕಾರ್ಡು ತೋರಿಸಬೇಕು. ಇಲ್ಲದಿದ್ದರೆ ವಿಮಾನದ ಬಾಗಿಲಿಂದಲೇ ವಾಪಸ್ಸು ಕಳಿಸಿದರೂ ಕಳಿಸಿದರೇ.

ಬೀದಿಯೆಲ್ಲ ಬಂತು

ಮೊದಲು ನಮ್ಮೂರು ಅರಕೆರೆಯ ಆಸ್ಪತ್ರೆಗೇ ಹೋದೆ. ನರ್ಸಮ್ಮ ನಕ್ಕು, "ಇದು ಇಲ್ಲಿ ಸಿಗಾಕಿಲ್ಲ ಕಣಜ್ಜಿ. ಸರ್ಕಾರ ಗೊತ್ತು ಮಾಡಿರೋ ಕಡೆ ಮಾತ್ರ ಕೊಡ್ತಾರೆ, ಬೆಂಗ್ಳೂರಿಗೇ ಹೋಗ್ಬೇಕು" ಅಂದಳು. ಹಾಗೇ ನನ್ನ ಬೆನ್ನ ಹಿಂದೆ ನೋಡಿ, "ಇವರೆಲ್ಲ ಯಾರು?" ಅಂದಳು.

ತಿರುಗಿ ನೋಡಿದರೆ ನಮ್ಮ ಬೀದಿ ಹೆಂಗಸರು, ರವಿಕೆ ತೋಳು ಮೇಲೆ ಎತ್ತಿಕೊಂಡು ಸಾಲಾಗಿ ನಿಂತವರೆ! ಕೊರೋನಾ ಕಾಲದಲ್ಲಿ ತಡವಾಗಿ ಬಂದು, ಲಸಿಕೆ ಖಾಲಿ ಅನ್ನಿಸಿಕೊಂಡು ವಾಪಸ್ಸು ಹೋಗಿದ್ದರಲ್ಲ, ಅವತ್ತಿನಿಂದ ಒಬ್ಬರು ಆಸ್ಪತ್ರೆ ಕಡೆ ತಿರುಗಿದರೆ ಎಲ್ಲರೂ ಹಿಂದೆ ಬರೋದೇ.

"ನೀವೆಲ್ಲ ಉಗಾಂಡಕ್ಕೆ ಹೋಗ್ತೀರಾ?"

"ಯಾವೂರಾದ್ರೇನವ್ವ, ಹಾಕ್ಬುಡು. ಆಮ್ಯಾಕೆ ಕೇಳುದ್ರೆ ಖಾಲಿ ಅಂತೀಯ."

ಪಾಪ ಆ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ. ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ ಎಲ್ಲರಿಗೂ ಬಿಪಿ ನೋಡಿ ಕಳಿಸಿದಳು. ಎದುರು ಮನೆಯವಳಿಗೆ ಮಾತ್ರ ಸಮಾಧಾನವಿಲ್ಲ. ದಾರಿಯುದ್ದಕ್ಕೂ ಗೊಣಗಿದಳು: "ನಾವ್ ಹೋಗ್ದೇ ಇದ್ರೆ ಬ್ಯಾಡ ಕಣಕ್ಕ. ಉಗಾಂಡದೋರೇ ನಮ್ಮೂರಿಗೆ ಬಂದ್ಬುಟ್ರೆ?"

ಮೊಟ್ಟೆಯ ವಿಚಾರಣೆ

ಬೆಂಗಳೂರಿಗೆ ನಮ್ಮ ಯಜಮಾನರೂ ಜೊತೆಗೆ ಬಂದಿದ್ದರು, ಉಗಾಂಡಕ್ಕೆ ಮಾತ್ರ ನಾನೊಬ್ಬಳೇ. ಅಲ್ಲಿನ ಡಾಕ್ಟರು ನೋಡಿದರೆ ಸೂಜಿ ಮುಟ್ಟಲೇ ಇಲ್ಲ. ಹೆಣ್ಣು ನೋಡಲು ಬಂದವರ ಥರ ಬರೀ ಪ್ರಶ್ನೆ. ಹಿಂದೆ ಏನು ಕಾಯಿಲೆ ಆಗಿತ್ತು, ಯಾವ ಮಾತ್ರೆ ನುಂಗ್ತೀರ, ಎಲ್ಲ ಕೇಳಿದರು.

"ಅಜ್ಜಿ, ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪರೂಪಕ್ಕೆ ತೊಂದರೆ ಆಗೋದುಂಟು. ಅದಕ್ಕೇ ಇಷ್ಟು ಕೇಳ್ತೀನಿ. ಹೋಗದೇ ಇದ್ರೆ ನಡೆಯಲ್ವಾ?"

"ಮಗಳು ಹೆರ್ತಾವ್ಳೆ ಸ್ವಾಮಿ. ಹೋದ ಸಲ ಒಬ್ಬಳೇ ಅತ್ಲು."

ಡಾಕ್ಟರು ಎದೆ, ನಾಡಿ ಎಲ್ಲ ಪರೀಕ್ಷೆ ಮಾಡಿದರು. "ಈ ಲಸಿಕೇನ ಕೋಳಿಮೊಟ್ಟೇಲಿ ಬೆಳೆಸ್ತಾರೆ. ಮೊಟ್ಟೆ ತಿಂದ್ರೆ ಮೈ ಕಡಿತ, ಉಬ್ಬಸ, ಏನಾದ್ರೂ ಆಗುತ್ತಾ?"

"ನಂಗೇನೂ ಆಗಾಕಿಲ್ಲ ಸ್ವಾಮಿ. ಶನಿವಾರ ತಿಂದ್ರೆ ಮಾತ್ರ ಇವ್ರಿಗೆ ಮೈಯೆಲ್ಲ ಉರೀತದೆ" ಅಂತ ಯಜಮಾನರ ಕಡೆ ಕೈ ತೋರಿಸಿದೆ.

ಡಾಕ್ಟರು ಯಜಮಾನರ ಮುಖ ನೋಡಿ, "ಹಾಗಾದ್ರೆ ಇವರಿಗೆ ಕೊಡೋದು ಬೇಡ" ಅಂತ ನಕ್ಕರು. ಆ ಪುಣ್ಯಾತ್ಮ ಅಷ್ಟು ಕೇಳಿದ್ದಕ್ಕೇ ನನ್ನ ಹೆದರಿಕೆ ಅರ್ಧ ಇಳಿದಿತ್ತು. ನಕ್ಕಿದ್ದಕ್ಕೆ ಉಳಿದರ್ಧವೂ ಇಳೀತು.

ಎರಡೇ ಸೀಟು

ಸರಿ, ಹಾಕಿ ಅಂದರೆ ಇನ್ನೂ ಕಾಯಬೇಕಂತೆ. ಒಂದು ಸೀಸೆಯಲ್ಲಿ ಐದು ಜನರಿಗಾಗುವಷ್ಟು ಔಷಧಿ. ತೆರೆದ ಮೇಲೆ ಬೇಗ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಸೂಜಿ ಹಾಕಿಸಿಕೊಳ್ಳೋರು ನಾನೂ ಸೇರಿ ಮೂವರು ಬಂದಿದ್ದೆವು, ಹೆಸರು ಬರೆಸಿದ್ದ ಇನ್ನಿಬ್ಬರ ಸುಳಿವಿಲ್ಲ. ಇದೇನು ಹೊಸದಾ ನನಗೆ? ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗೋ ಆಟೋದ ಲೆಕ್ಕವೇ. ಸೀಟು ತುಂಬದೆ ಗಾಡಿ ಹೊರಡಲ್ಲ. ಗೇಟಿನ ಹತ್ತಿರ ಹೋಗಿ ಕೂಗಿದೆ:

"ಆಫ್ರಿಕಾ, ಆಫ್ರಿಕಾ, ಆಫ್ರಿಕಾ! ಎರಡೇ ಸೀಟು! ಹೊರಟೇಬುಡ್ತು!"

ಯಜಮಾನರು ನಾನು ಯಾರೋ ಅನ್ನೋ ಹಾಗೆ ಅತ್ತ ತಿರುಗಿ ನಿಂತರು. ಆದರೆ ಎದುರಿನ ಟೀ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಹೆಸರು ಬರೆಸಿದ್ದವರು ಅವರೇ! ಗಂಡನಿಗೆ ಸೂಜಿ ಭಯ, ಟೀ ಮೇಲೆ ಟೀ ಕುಡಿಯುತ್ತಾ ಕೂತಿದ್ದನಂತೆ.

"ಬಾರಪ್ಪ ಒಳಿಕೆ. ಒಂದ್ಸಲ ಚುಚ್ಚುಸ್ಕೊಂಡ್ರೆ ಜೀವಮಾನಕ್ಕೆ ಸಾಕಂತೆ" ಅಂತ ನಾನೇ ಒಳಗೆ ಹತ್ತಿಸಿದೆ.

ಸೀಸೆಯ ಒಂದು ತೊಟ್ಟೂ ಹಾಳಾಗಲಿಲ್ಲ. ಡಾಕ್ಟರು ಸೀಲು ಹಾಕಿ ಕಾರ್ಡು ಕೈಗೆ ಕೊಡುತ್ತಾ, "ಅಜ್ಜಿ, ಹತ್ತು ದಿನ ಕಳೆದ ಮೇಲೇ ಇದು ನಡೆಯೋದು, ಆಮೇಲೆ ಹೊರಡಿ. ಅಲ್ಲೀತನಕ ಬಿಡುವಿದ್ರೆ ಬಂದು ಗೇಟಲ್ಲಿ ನಿಂತ್ಕೊಳ್ಳಿ" ಅಂದರು.

ಹಣೆ ಪರೀಕ್ಷೆ

ಹೊಸ ಟ್ರಾಕ್ಟರು ಬಂದರೂ ಮೊದಲು ಪೂಜೆ ಮಾಡಿಸೋ ಜನ ನಾವು. ಇಂಥ ಕಾರ್ಡು ಬಂದ ಮೇಲೆ ಬಿಡುತ್ತೀನಾ? ಗಂಜಾಂ ಗುಡಿಗೆ ಹೋಗಿ ನಿಮಿಷಾಂಬ ದೇವಿ ಮುಂದೆ ಇಡಿಸಿದೆ. ಮನೆಗೆ ಬಂದು ಅಮ್ಮನವರ ಕುಂಕುಮವನ್ನು ಕಾರ್ಡಿನೊಳಗೆ ನಾನೇ ಕೈತುಂಬ ಇಟ್ಟೆ, ಮಡಿಸಿ ಮಡಿಲಲ್ಲಿ ಇಟ್ಟುಕೊಂಡೆ.

ಹತ್ತು ದಿನ ಕಳೆದು ಹೊರಟಾಗ, ಬೆಂಗಳೂರಿನ ವಿಮಾನ ನಿಲ್ದಾಣದ ಹುಡುಗಿ ಕಾರ್ಡು ತೆರೆದವಳೇ ಕಣ್ಣಿಗೊತ್ತಿಕೊಂಡು, ಕುಂಕುಮ ಹುಷಾರಾಗಿ ಪಕ್ಕಕ್ಕೆ ಸರಿಸಿ ಸೀಲು ನೋಡಿ, ಮತ್ತೆ ಹಾಗೇ ಮಡಿಸಿ ಕೊಟ್ಟಳು. ಉಗಾಂಡದಲ್ಲಿ ಇಳಿದ ಮೇಲೆ ಅಷ್ಟು ಸುಲಭ ಆಗಲಿಲ್ಲ. ಮೊದಲು ಒಬ್ಬ ಎಲ್ಲರ ಹಣೆಗೂ ಜ್ವರ ನೋಡೋ ಯಂತ್ರ ಹಿಡಿದ. ಮುಂದಿನ ಮೇಜಿನಲ್ಲಿ ಒಬ್ಬ ದಪ್ಪನೆ ಹೆಣ್ಣುಮಗಳು ಕಾರ್ಡು ನೋಡೋಳು. ನನ್ನದು ತೆರೆದಳು, ಕಾರ್ಡೆಲ್ಲ ಕೆಂಪು! ಸೀಲು ಎಲ್ಲಿ ಅಂತ ಬೆರಳು ಕುಟ್ಟಿ ಕೇಳಿದಳು. ಬಾಗಿಲು ಪಕ್ಕಕ್ಕೆ ಕೈ ತೋರಿಸಿದಳು, ಅಲ್ಲಿ ಹೋಗಿ ನಿಂತ್ಕೋ ಅಂತ. ಆಚೆ ಮಗಳು ಕಾಯ್ತಾವ್ಳೆ. ಭಾಷೆ ಬರಲ್ಲ. ಹೊಟ್ಟೆ ದಪ್ಪ ಇರೋ ಹಾಗೆ ತೋರಿಸಿ, ಮಗು ತೂಗೋ ಹಾಗೆ ಕೈ ಆಡಿಸಿದೆ. ಆಕೆ ಮುಖ ಮೆತ್ತಗಾಯಿತು. ಕಾರ್ಡು ಮುಂದಕ್ಕೆ ತಳ್ಳಿ, ಒರೆಸು ಅಂತ ಸನ್ನೆ ಮಾಡಿದಳು.

ಒರೆಸೋದೇನೋ ಸರಿ, ಅಮ್ಮನವರ ಕುಂಕುಮ ನೆಲಕ್ಕೆ ಉದುರಿಸೋಕಾಗುತ್ತಾ? ಬೆರಳಲ್ಲಿ ಬಳಿದು ನನ್ನ ಹಣೆಗೆ ಇಟ್ಟುಕೊಂಡೆ. ಇನ್ನೂ ಉಳೀತು. ಆಕೆ ಸೀಲು ನೋಡೋಕೆ ಬಗ್ಗಿದಳಲ್ಲ, ಹೆಣ್ಣುಮಗಳು, ಹತ್ತಿರಕ್ಕೇ ಬಂದವಳೆ ಅಂತ ಅವಳ ಹಣೆಗೂ ಇಟ್ಟೆ. ಬೆಚ್ಚಿಬಿದ್ದು, ಹಣೆ ಮುಟ್ಟಿ ನೋಡಿಕೊಂಡು, ಹೊಟ್ಟೆ ಕುಣಿಯೋ ಹಾಗೆ ನಕ್ಕಳು. ಸೀಲು ಕಾಣಿಸಿತ್ತು. ಹೋಗು ತಾಯಿ ಅಂತ ಕೈ ಬೀಸಿದಳು. ಅವಳ ಹೊಟ್ಟೆ ತಣ್ಣಗಿರಲಿ.

ಹೊರಡೋಣ ಅಂದರೆ ಹಿಂದೆ ಇದ್ದ ಉದ್ದನೆಯ ಬಿಳಿ ಮನುಷ್ಯ ಟೋಪಿ ತೆಗೆದು, ಕಣ್ಣು ಮುಚ್ಚಿ, ಹಣೆ ಮುಂದೆ ಚಾಚಿ ನಿಂತವನೆ! ಇದೂ ಒಂದು ಪರೀಕ್ಷೆ ಅಂದುಕೊಂಡಿದ್ದ. ಅವನ ಹಿಂದಿನವರೂ ಹಾಗೇ. ಬೇಡ ಅನ್ನೋಕೆ ನನಗೆ ಭಾಷೆ ಇಲ್ಲ. ಇಟ್ಟೆ, ಕಾರ್ಡಿನಲ್ಲಿ ಇದ್ದದ್ದು ಮುಗಿಯೋ ತನಕ ಇಟ್ಟೆ.

ಆಚೆ ಮಗಳು ಬಸುರಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ನನ್ನನ್ನು ತಬ್ಬಿಕೊಂಡು ಅಳೋಕೆ ಶುರು ಮಾಡಿದವಳು, ನನ್ನ ಹಿಂದೆ ಒಬ್ಬೊಬ್ಬರೇ ಬರುತ್ತಿದ್ದವರ ಹಣೆ ನೋಡಿ ಅಳು ನಿಲ್ಲಿಸಿದಳು.

"ಅವ್ವ," ಅಂದಳು, "ಇಮಾನದಲ್ಲಿ ಯಾರ್ದಾರ ಮದ್ವೆ ಆಯ್ತಾ?"