ಕಂಕಣ ಕಟ್ಟಿದ ಕಾರಿನ ಕೀಲಿ

ಮುಂಜಾಗ್ರತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಮಾ ಕಂಪನಿಯೊಂದರ ಪುಣೆ ಕಚೇರಿಯಲ್ಲಿ ಕ್ಲೇಮು ವಿಭಾಗದವನು ನಾನು. ಬೆಳಗಿನಿಂದ ಸಂಜೆಯ ತನಕ ಜನರ ಕಳವು, ಬೆಂಕಿ, ಅಪಘಾತಗಳನ್ನೇ ಓದುತ್ತ ಕೂಡುವವನು. ಮನೆಗೆ ಬಂದ ಮೇಲೆ ಗ್ಯಾಸು ಬಂದ್ ಆಗಿದೆಯೇ ಎಂದು ನೋಡುತ್ತೇನೆ. ನೋಡಿದ್ದು ನಿಜವೇ ಎಂದು ಮತ್ತೆ ಹೋಗಿ ನೋಡುತ್ತೇನೆ. ಒಮ್ಮೆ ಊರಿಗೆ ಹೊರಟಾಗ ಬೀಗ ಬಿದ್ದಿದೆಯೇ ಎಂದು ಜಗ್ಗಿ ಜಗ್ಗಿ ನೋಡುತ್ತಿದ್ದಂತೆ ಚಿಲಕವೇ ಕಿತ್ತು ಕೈಗೆ ಬಂದಿತ್ತು. ಊರಿಗೆ ಹೋಗುವುದು ರದ್ದಾಯಿತು. ಮನೆ ಮಾತ್ರ ಸುರಕ್ಷಿತವಾಗಿ ಉಳಿಯಿತು!

ಇಂಥ ನಾನು ಕಾರು ಕೊಂಡಾಗ ಬಣ್ಣ ನೋಡಲಿಲ್ಲ, ಮೈಲೇಜು ಕೇಳಲಿಲ್ಲ. ಅದರ ಕೀಲಿಯನ್ನು ನೋಡಿ ಮನಸೋತೆ. ಆ ಕೀಲಿಯ ಕಪ್ಪು ತಲೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಇರುತ್ತದಂತೆ. ಕೀಲಿ ತನ್ನದೇ ಎಂದು ಗುರುತು ಸಿಕ್ಕರೆ ಮಾತ್ರ ಗಾಡಿ ಶುರುವಾಗುತ್ತದಂತೆ. ಕಳ್ಳ ನಕಲಿ ಕೀಲಿ ಮಾಡಿಸಿ ತಂದರೂ ಎಂಜಿನ್ ಕದಲುವುದಿಲ್ಲವಂತೆ. ಷೋರೂಮಿನವನು ಇಷ್ಟು ಹೇಳುವಷ್ಟರಲ್ಲಿ ನಾನು ಸಹಿ ಹಾಕಲು ಪೆನ್ನು ತೆಗೆದಿದ್ದೆ. ಹುಟ್ಟಿದಂದಿನಿಂದ ಲೆಕ್ಕವಿಲ್ಲದಷ್ಟು ಚಿಂತೆ ಮಾಡಿದ ನನಗೆ, ಈ ಗಾಡಿ ಒಂದು ದಿನ ನನ್ನನ್ನೇ ಕಳ್ಳನೆಂದು ತಿಳಿದೀತು ಎಂಬ ಒಂದು ಚಿಂತೆ ಮಾತ್ರ ಹೊಳೆಯಲಿಲ್ಲ.

ಆ ವರ್ಷ ದಸರೆಯ ದಿನ ನಾವು ಪುಣೆಯಾಚೆಯ ತಳೇಗಾಂವಕ್ಕೆ ಹೋಗಬೇಕಿತ್ತು. ನಮ್ಮ ಮಗಳು ಅಶ್ವಿನಿಗೆ ಅಲ್ಲೊಂದು ಸಂಬಂಧ ಬಂದಿತ್ತು. ಧಾರವಾಡ ಕಡೆಯ ಮನೆತನ. ಹುಡುಗ ತಳೇಗಾಂವದ್ದೇ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಹುಡುಗಿ ನೋಡುವ ಶಾಸ್ತ್ರ ನಾನು ಕಚೇರಿಯ ಕೆಲಸಕ್ಕೆ ಪರವೂರಿಗೆ ಹೋಗಿದ್ದಾಗಲೇ ಮುಗಿದಿತ್ತು, ಈಗ ನಾವು ಹೋಗಿ ಅವರ ಮನೆ ನೋಡಿ ಬಂದರೆ ಮಾತು ಮುಗಿಯುವುದಿತ್ತು. ಬಂದ ವರಗಳಿಗೆಲ್ಲ ಮೂಗು ಮುರಿಯುತ್ತಿದ್ದ ಅಶ್ವಿನಿ ಈ ಸಲ "ಆಗಬಹುದು" ಎಂದಿದ್ದಳು. ಅವಳ ಬಾಯಲ್ಲಿ ಅದು ಓಲಗ ಊದಿಸಿದಷ್ಟು ದೊಡ್ಡ ಮಾತು. ಆದ್ದರಿಂದ ಹೆಂಡತಿ ವತ್ಸಲಾ ನನಗೆ ಮೊದಲೇ ತಾಕೀತು ಮಾಡಿದ್ದಳು. ಹಿಂದೊಂದು ಸಂಬಂಧದವರ ಮನೆಗೆ ಹೋಗಿ, ಗ್ಯಾಲರಿಯ ಕಟಾಂಜನ ಅಲ್ಲಾಡಿಸಿ ನೋಡಿ, ಇದರ ಮೇಲೆ ಒರಗಿ ಯಾರಾದರೂ ಬಿದ್ದಿದ್ದಾರೆಯೇ ಎಂದು ನಾನು ವಿಚಾರಿಸಿದ್ದೆ. ಆ ಸಂಬಂಧ ಅಲ್ಲಿಗೇ ಮುಗಿದಿತ್ತು. ನನ್ನಿಂದ ಹೀಗೆ ಮುಗಿದದ್ದು ಅದೊಂದೇ ಅಲ್ಲ.

"ಈ ಸಲ ಬಾಯಿ ಮುಚ್ಚಿಕೊಂಡು ಗಾಡಿ ಹೊಡೀರಿ, ಸಾಕು," ಎಂದಳು ವತ್ಸಲಾ. "ಬಾಕಿದ್ದು ನಮ್ಮಣ್ಣ ಮಾತಾಡ್ತಾನ."

ಅಂದರೆ ನನ್ನ ಪಾಲಿಗೆ ಬಂದದ್ದು ಕಾರು ನಡೆಸುವ ಕೆಲಸವೊಂದೇ. ಅದನ್ನಾದರೂ ಕೆಡಿಸಲು ಸಾಧ್ಯವಿಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಹಿಂದಿನ ದಿನ ಖಂಡೇನವಮಿ. ಮನೆಯ ಈಳಿಗೆ, ಚಾಕು, ಸುತ್ತಿಗೆ, ಹೊಲಿಗೆ ಯಂತ್ರಗಳನ್ನೆಲ್ಲ ಸಾಲಾಗಿಟ್ಟು ಪೂಜೆ ಮಾಡುವಾಗ ವತ್ಸಲಾ ಕಾರಿನ ಕೀಲಿಯನ್ನೂ ಕೇಳಿದಳು. ನಾನು ಒಂದನ್ನು ಕೊಟ್ಟೆ. ಕೂಡಲೇ ಚಿಂತೆ ಹತ್ತಿತು. ಕಪಾಟಿನಲ್ಲಿದ್ದ ಎರಡನೆಯ ಕೀಲಿಯ ಗತಿ ಏನು? ಪೂಜೆಯಿಲ್ಲದ ಕೀಲಿಯನ್ನು ಮುಂದೊಂದು ದಿನ ಹಚ್ಚಿ, ಆ ದಿನವೇ ಏನಾದರೂ ಆದರೆ? ಒಂದಕ್ಕೆ ಮಾಡಿದರೆ ಗಾಡಿಗೆ ಮಾಡಿದ ಹಾಗೆಯೇ ಎಂದು ವತ್ಸಲಾ ಹೇಳಿದರೂ ಕೇಳದೆ ಅದನ್ನೂ ತಂದೆ. ಎರಡರ ತಲೆಗಳನ್ನೂ ಒಂದಕ್ಕೊಂದು ಅಂಟಿಸಿ ಹಿಡಿದು, ಅರಿಶಿನದ ದಾರ ಸುತ್ತಿ, ನಾನೇ ಗಟ್ಟಿಯಾಗಿ ಕಂಕಣ ಕಟ್ಟಿದೆ. ದೇವರ ರಕ್ಷಣೆಯೂ ಆಯಿತು, ಒಂದು ಕೀಲಿ ಕಳೆದುಹೋಗುವ ಭಯವೂ ತಪ್ಪಿತು. ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಕಂಕಣ ಬಿಚ್ಚಬಾರದು, ಕತ್ತರಿಯಂತೂ ತಾಗಿಸಲೇಬಾರದು. ಇದು ನಮ್ಮ ಮನೆಯ ಪದ್ಧತಿ.

ದಸರೆಯ ಬೆಳಿಗ್ಗೆ ನಾನು ಜರಿಯಂಚಿನ ಧೋತರ ಉಟ್ಟು ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಇಳಿದೆ. ಹಿಂದಿನ ಸೀಟಿನಲ್ಲಿ ವತ್ಸಲಾ. ನನ್ನ ಪಕ್ಕದಲ್ಲಿ ಅವಳ ಅಣ್ಣ ಗುರುರಾಜರಾಯರು. ಬೆಳಗಾವಿಯಿಂದ ಬಂದು ಪುಣೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿರುವ ಅವರೇ ಈ ಸಂಬಂಧ ತಂದವರು. ಕುಲದೇವರನ್ನು ನೆನೆದು ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಎದುರಿಗೆ ಒಂದು ಕೆಂಪು ದೀಪ ಮಿನುಗತೊಡಗಿತು. ಗಾಡಿಯ ಪುಸ್ತಕ ತೆಗೆದು ನೋಡಿದೆ. ಕೀಲಿಯ ಗುರುತು ಸಿಕ್ಕಿಲ್ಲವೆಂದು ಆ ದೀಪದ ಅರ್ಥ.

"ಏನಂತದ?" ಎಂದರು ಗುರುರಾಜರಾಯರು.

"ಗುರ್ತು ಹಿಡೀವಲ್ದು."

"ಯಾರನ್ನ?"

"ನನ್ನನ್ನ."

ಎರಡನೆಯ ಕೀಲಿ ಹಾಕಿ ತಿರುಗಿಸಿದೆ. ಮೊದಲನೆಯದು ಅದರ ತಲೆಗೆ ಅಂಟಿಕೊಂಡೇ ಜತೆಗೆ ತಿರುಗಿತು. ಮತ್ತೆ ಅದೇ ಕೆಮ್ಮು, ಅದೇ ದೀಪ.

ಕೀಲಿಯೊಳಗೆ ಕುಂಕುಮ ಹೋಗಿರಬೇಕೆಂದು ನಾನು ತೀರ್ಮಾನಿಸಿದೆ. ವತ್ಸಲಾಳ ತಲೆಯಿಂದ ಒಂದು ಪಿನ್ನು ಇಸಿದುಕೊಂಡು, ಕಂಕಣದ ಸಂದಿಯಲ್ಲೇ ತೂರಿಸಿ ಒಂದರ ತಲೆ ತೆರೆದೆ. ಒಳಗಿನಿಂದ ಗುಂಡನೆಯ ಪುಟ್ಟ ಬ್ಯಾಟರಿ ಟಣ್ಣನೆ ಹಾರಿ ಗಾಡಿಯ ಕೆಳಗೆ ಉರುಳಿತು. ಜರಿಯಂಚಿನ ಧೋತರದ ಸಮೇತ ನಾನೂ ಗಾಡಿಯ ಕೆಳಗೆ ಹೋದೆ. ಬ್ಯಾಟರಿ ಸಿಕ್ಕಿತು, ಧೋತರಕ್ಕೆ ಗ್ರೀಸೂ ಸಿಕ್ಕಿತು. ಒರೆಸಿ ತಿರುಗಿ ಕೂಡಿಸಿದೆ. ಯಾವ ಮಗ್ಗುಲು ಮೇಲಿತ್ತೆಂಬುದನ್ನು ನೋಡಿಟ್ಟುಕೊಂಡಿರಲಿಲ್ಲ. ಅಲ್ಲಿಯವರೆಗೆ ಗುಂಡಿ ಒತ್ತಿದರೆ ಬಾಗಿಲಾದರೂ ತೆರೆಯುತ್ತಿತ್ತು. ಈಗ ಆ ಕೀಲಿಗೆ ಬಾಗಿಲೂ ಬಗ್ಗಲಿಲ್ಲ!

ಷೋರೂಮಿಗೆ ಫೋನು ಹಚ್ಚಿದೆ. ಆ ಕಡೆ ಬ್ಯಾಂಡಿನ ಸದ್ದು ಕೇಳುತ್ತಿತ್ತು. ಪುಣೆಯಲ್ಲಿ ಅರ್ಧ ಊರು ಹೊಸ ಗಾಡಿ ಮನೆಗೆ ತರುವುದು ದಸರೆಯ ದಿನವೇ. ಮೆಕ್ಯಾನಿಕ್ಕುಗಳೆಲ್ಲ ಹೊಸ ಗಾಡಿಗಳಿಗೆ ಹಾರ ಹಾಕುವುದರಲ್ಲಿದ್ದಾರೆ, ಕೊಂಡಾದ ಗಾಡಿಗಳನ್ನು ನಾಳೆ ನೋಡೋಣ ಎಂದರು.

ಅಷ್ಟರಲ್ಲಿ ಕೆಳಗಿನ ಮನೆಯ ಸಾಠೆ ಕಾಕಾ ಬನಿಯನ್ನಿನಲ್ಲೇ ಹೊರಬಂದರು. ದೇಹೂ ರೋಡಿನ ಮಿಲಿಟರಿ ಡಿಪೋದಿಂದ ನಿವೃತ್ತರಾದವರು. ಯುದ್ಧದ ಟ್ರಕ್ಕುಗಳನ್ನು ಕಂಡವರಿಗೆ ನನ್ನ ಕಾರು ಯಾವ ಲೆಕ್ಕ? "ಧಕ್ಕಾ ಮಾರಾ," ಎಂದು ಮರಾಠಿಯಲ್ಲಿ ಅಪ್ಪಣೆ ಕೊಟ್ಟರು. ನಾನು ಸ್ಟಿಯರಿಂಗು ಹಿಡಿದು ಕೂತೆ, ಕಾಕಾ ತಳ್ಳಿದರು. ಗುರುರಾಜರಾಯರೂ ಕೋಟು ಬಿಚ್ಚಿ ತಳ್ಳಿದರು. ಗಾಡಿ ಗಂಭೀರವಾಗಿ ಉರುಳಿ ಸೊಸೈಟಿಯ ಗೇಟಿನವರೆಗೆ ಹೋಯಿತು. ಗಡಿಬಿಡಿಯಲ್ಲಿ ನಾನು ಕೀಲಿ ಎಳೆದುಬಿಟ್ಟೆ. ಸ್ಟಿಯರಿಂಗು ಕಟಕ್ಕನೆ ಬಿಗಿಯಿತು, ಗಾಡಿ ಅಡ್ಡ ತಿರುಗಿ ಗೇಟಿನ ನಟ್ಟನಡುವೆ ನಿಂತಿತು. ಈಗ ನಾವಷ್ಟೇ ಅಲ್ಲ, ಇಡೀ ಸೊಸೈಟಿಯೇ ದಸರೆಗೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ!

ಹಾರ ಹಾಕಿಕೊಂಡ ಸ್ಕೂಟರುಗಳು ನನ್ನ ಹಿಂದೆ ಸಾಲುಗಟ್ಟಿದವು. ಸಾಠೆ ಕಾಕಾ ಎದೆಗುಂದಲಿಲ್ಲ. ಗಾಡಿಯ ಬ್ಯಾಟರಿಯ ತಂತಿ ಬಿಚ್ಚಿ ಹಚ್ಚಿದರೆ ಅದು ಹಳೆಯದನ್ನೆಲ್ಲ ಮರೆಯುತ್ತದೆ, ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ ಎಂದು ಅವರ ವಾದ. ಬಿಚ್ಚಿ ಹಚ್ಚಿದರು. ಗಾಡಿ ಏನನ್ನೂ ಮರೆಯಲಿಲ್ಲ. ನಾನು ಕಳ್ಳನೆಂಬುದು ಅದಕ್ಕೆ ಪೂರ್ತಿ ಖಾತ್ರಿಯಾಗಿ, ದೀಪಗಳನ್ನೆಲ್ಲ ಮಿನುಗಿಸುತ್ತ ಬೊಬ್ಬೆ ಹೊಡೆಯಲು ಆರಂಭಿಸಿತು. ಎದುರಿನ ಕಟ್ಟಡದವರೂ ಗ್ಯಾಲರಿಗೆ ಬಂದು ನನ್ನನ್ನು ನೋಡಿದರು. ಕೊನೆಗೆ ಕಾಕಾ ತಂತಿಯನ್ನು ಮತ್ತೆ ಬಿಚ್ಚಿದರು, ಶಾಂತಿ ನೆಲೆಸಿತು.

ತಳೇಗಾಂವದಲ್ಲಿ ಊಟದ ಹೊತ್ತಾಗುತ್ತ ಬಂದಿತ್ತು. ರಿಕ್ಷಾದಲ್ಲಿ ಹೋಗೋಣವೆಂದರೆ ಅಷ್ಟು ದೂರಕ್ಕೆ ಯಾರೂ ಒಪ್ಪಲಿಲ್ಲ. ಗುರುರಾಜರಾಯರು ಮೊಬೈಲು ಹಿಡಿದು ಮೂಲೆಗೆ ಹೋಗಿ ಬೀಗರಾಗಬೇಕಾದವರ ಜತೆ ಮಾತಾಡಿದರು. ತಿರುಗಿ ಬಂದಾಗ ಅವರ ಮುಖ ಬಿಳಚಿಕೊಂಡಿತ್ತು.

"ಏನಂದ್ರಣ್ಣಾ?" ಎಂದಳು ವತ್ಸಲಾ.

"ನೀವು ತ್ರಾಸ ಮಾಡ್ಕೋಬ್ಯಾಡ್ರಿ, ನಾವ ಬರ್ತೇವಿ ಅಂದ್ರು. ಹೊಂಟಾರಂತ."

ವತ್ಸಲಾ ನನ್ನನ್ನೊಮ್ಮೆ ನೋಡಿ ಮೇಲೆ ಹೋದಳು. ಮನೆಯಲ್ಲಿ ಅಡುಗೆಯಿಲ್ಲ, ಅಶ್ವಿನಿ ತಲೆಗೆ ಎಣ್ಣೆ ಹಚ್ಚಿಕೊಂಡು ಹಳೆಯ ಚೂಡಿದಾರದಲ್ಲಿ ಕೂತಿದ್ದಾಳೆ. ಸ್ವಲ್ಪ ಹೊತ್ತಿಗೆ ಅಶ್ವಿನಿಯೇ ಕೆಳಗಿಳಿದು ಬಂದಳು. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು:

"ಅಪ್ಪಾ, ಈ ಸಂಬಂಧ ನನಗ ಬೇಕಾಗ್ಯದ. ಅವರು ಬಂದಾಗ ನೀ ಗಾಡಿ ಹತ್ರ ಇರಬ್ಯಾಡ."

ಇಷ್ಟು ಕೇಳಿದ ಮೇಲೆ ನಾನು ಸುಮ್ಮನೆ ಹೋಗಿ ಸ್ನಾನ ಮಾಡಬೇಕಿತ್ತು. ಆದರೆ ಮಗಳ ಬಾಳಿನ ಪ್ರಶ್ನೆ! ಅವರು ಬರುವುದರೊಳಗೆ ಗಾಡಿಯನ್ನು ಶುರು ಮಾಡಿ ಮಾನ ಉಳಿಸಿಕೊಳ್ಳಲೇಬೇಕೆಂದು ಪಣ ತೊಟ್ಟು, ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದೆ. ಅಲ್ಲಿದ್ದ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಮುಟ್ಟಿದರೆ ಏನಾಗಬೇಕೆಂಬುದು ಗೊತ್ತಿರಲಿಲ್ಲ. ತಲೆ ಹೊರಗೆ ತೆಗೆಯಲು ಹೋದಾಗ ಜನಿವಾರ ಯಾವುದಕ್ಕೋ ಸಿಕ್ಕಿಕೊಂಡಿತು. ಸರಿಯಾಗಿ ಆಗ, ಎಲ್ಲೋ ನನ್ನ ಕಾಲುಗಳ ಕಡೆಯಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು.

"ಹುಡುಗಿ ತಂದಿ ಇವರ ಏನು?"

"ಹೌದ್ರಿ," ಎಂದರು ಗುರುರಾಜರಾಯರು. ಅವರ ದನಿಯಲ್ಲಿ ಅಷ್ಟು ದುಃಖ ನಾನು ಹಿಂದೆಂದೂ ಕೇಳಿರಲಿಲ್ಲ.

ಹುಡುಗ ಪ್ರಸನ್ನ ಬಗ್ಗಿ ನನ್ನ ಜನಿವಾರ ಬಿಡಿಸಿ ಹೊರಗೆಳೆದ. ಭಾವೀ ಅಳಿಯನಿಂದ ನನಗೆ ಸಂದ ಮೊದಲ ಉಪಚಾರ ಅದು. ಗೇಟು ಕಟ್ಟಿದ್ದರಿಂದ ಅವನ ತಂದೆ ತಾಯಿ ಕಾರಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಿ ಒಳಗೆ ಬಂದಿದ್ದರು. ತಾಯಿಯ ರೇಷ್ಮೆ ಸೀರೆಯ ಮೇಲೆ ನನ್ನ ಕಾರಿನ ಧೂಳಿನ ಪಟ್ಟೆಯೊಂದು ಸ್ಪಷ್ಟವಾಗಿ ಮೂಡಿತ್ತು.

ಪ್ರಸನ್ನ ಕೀಲಿ ಕೇಳಿದ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇವೆರಡನ್ನೂ ಕೂಡಿಸಿ ಕಟ್ಟಿದವರು ಯಾರ್ರಿ?"

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.

ಅವನು ಬಹಳ ಮರ್ಯಾದೆಯಿಂದ ವಿವರಿಸಿದ. ಕೀಲಿ ಹಾಕಿದಾಗ ಗಾಡಿ ಅದರ ಹೆಸರು ಕೇಳುತ್ತದೆ. ಒಂದೇ ಕೀಲಿಯಿದ್ದರೆ ಅದು ಹೆಸರು ಹೇಳುತ್ತದೆ, ಕೆಲಸ ಮುಗಿಯುತ್ತದೆ. ಎರಡು ಇಷ್ಟು ಹತ್ತಿರವಿದ್ದರೆ ಎರಡೂ ಒಟ್ಟಿಗೇ ಕೂಗುತ್ತವೆ, ಗಾಡಿಗೆ ಯಾವುದೂ ತಿಳಿಯುವುದಿಲ್ಲ. ದಾರ ಬಿಚ್ಚಿ ಬೇರೆ ಮಾಡಿದರೆ ಆಯಿತು. ಇಷ್ಟೇ!

"ಬಿಚ್ಚಬ್ಯಾಡ್ರಿ," ಎಂದಳು ಕೆಳಗಿಳಿದು ಬಂದಿದ್ದ ವತ್ಸಲಾ. "ಖಂಡೇಪೂಜಿ ಕಂಕಣ ಅದು. ಬನ್ನಿ ಕೊಡೂತನಾ ಬಿಚ್ಚೂಹಂಗಿಲ್ಲ."

ಹಿಂದೆ ಸ್ಕೂಟರಿನವರು ಹಾರ್ನು ಬಾರಿಸುತ್ತಿದ್ದರು. ಎಂಜಿನಿಯರ್ ಪ್ರಸನ್ನ ತಾಯಿಯ ಮುಖ ನೋಡಿದ. ಆಕೆ ಚೀಲದಲ್ಲಿ ಕೈಹಾಕಿ ಬನ್ನಿ ಎಲೆಗಳನ್ನು ತೆಗೆದರು. ನಮಗೆಂದೇ ಮನೆಯಲ್ಲಿ ತೆಗೆದಿಟ್ಟಿದ್ದನ್ನು ಹೊರಡುವಾಗ ಜತೆಗೆ ತಂದಿದ್ದರಂತೆ.

"ಸಂಜೀತನಾ ಯಾಕ ಕಾಯಬೇಕ್ರಿ? ಬರ್ರಿ," ಎಂದು ವತ್ಸಲಾಳ ಕೈಗೆ ಎಲೆಗಳನ್ನಿಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೂಣು."

ಹೀಗೆ ಗೇಟಿನ ನಡುವೆ, ಸ್ಕೂಟರುಗಳ ಹಾರ್ನಿನ ಮಂಗಳವಾದ್ಯದಲ್ಲಿ, ಎರಡು ಮನೆಗಳ ನಡುವೆ ಬನ್ನಿ ವಿನಿಮಯವಾಯಿತು. ಇಬ್ಬರು ಹೆಂಗಸರೂ ಸೇರಿ ನಾನು ಹಾಕಿದ್ದ ಗಂಟುಗಳನ್ನು ಬಿಚ್ಚಿದರು. ಬಹಳ ಹೊತ್ತು ಹಿಡಿಯಿತು, ನಾನು ಮುಂಜಾಗ್ರತೆಯಿಂದ ಹಾಕಿದ ಗಂಟುಗಳು ಅವು. ಪ್ರಸನ್ನ ಒಂದು ಕೀಲಿಯನ್ನು ದೂರದಲ್ಲಿ ನಿಂತ ಅಶ್ವಿನಿಯ ಕೈಗೆ ಕೊಟ್ಟು ಬಂದ. ಕೊಡಲು ಅವನೂ ಸ್ವಲ್ಪ ಹೊತ್ತು ತೆಗೆದುಕೊಂಡ. ಬ್ಯಾಟರಿಯ ತಂತಿ ಹಚ್ಚಿ, ಇನ್ನೊಂದು ಕೀಲಿ ತಿರುಗಿಸಿದ. ಗಾಡಿ ಏನೂ ಆಗಿಲ್ಲವೆಂಬಂತೆ ಶುರುವಾಯಿತು.

ಮಧ್ಯಾಹ್ನ ವತ್ಸಲಾ ಅವಸರದಲ್ಲಿ ಮಾಡಿದ ಅವಲಕ್ಕಿ, ಶಿರಾ ತಿನ್ನುತ್ತ ಎಲ್ಲರೂ ಕೂತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಕಡೆಗೆ ಹುಡುಗನ ತಾಯಿಯೇ ತಟ್ಟೆ ಕೆಳಗಿಟ್ಟು ಗುರುರಾಜರಾಯರ ಕಡೆ ತಿರುಗಿದರು.

"ಹುಡುಗಿ ತಂದಿ ಇನ್ಶೂರನ್ಸ್‌ದವರು, ಭಾಳ ಶಾಣ್ಯಾರು, ಮಾತಿನಾಗ ಸಿಗೂದಿಲ್ಲ ಅಂತ ಯಾರೋ ಹೇಳಿದ್ರು. ನಾ ಅಂಜಿದ್ದೆ. ಇವತ್ತು ಕಣ್ಣಾರೆ ನೋಡಿದೆ. ಈಗ ನನಗೇನೂ ಅಂಜಿಕಿಲ್ಲ. ಮುಹೂರ್ತ ನೋಡಸ್ರಿ."

ಎಲ್ಲರೂ ನಕ್ಕರು. ವತ್ಸಲಾ ಅಂತೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವರು ನನ್ನನ್ನು ಹೊಗಳಿದರೋ ಹೇಗೆ ಎಂದು ಅವರನ್ನು ಕಳಿಸಿ ಬಂದ ಮೇಲೆ ಅವಳನ್ನು ಕೇಳಿದೆ. ಲಗ್ನ ಆಗುವವರೆಗೆ ಅದನ್ನು ಯಾರ ಹತ್ತಿರವೂ ವಿಚಾರಿಸಬೇಡಿರೆಂದಳು.

ವಿಚಾರಿಸಲಿಲ್ಲ. ಹಲವು ವರ್ಷಗಳಿಂದ ನಾನು ಜಾಣತನದಿಂದ ಮುರಿದ ಸಂಬಂಧಗಳ ಮುಂದೆ, ದಡ್ಡತನದಿಂದ ಕೂಡಿಬಂದದ್ದು ಇದೊಂದೇ.