ಕಂಪ್ಲಿಯ ಪಡಸಾಲೆಯಲ್ಲೊಂದು ಕುರ್ಚಿ

ನಮ್ಮ ಹೊಸಪೇಟೆಯಲ್ಲಿ ‘ಬ್ಯಾಂಕಿನಲ್ಲಿ ಕೆಲಸ’ ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು, ಆ ಮನೆಯ ಕರೆಗಂಟೆಗೆ ಬಿಡುವಿರುವುದಿಲ್ಲ. ನಾನಂತೂ ಬಾಯಿಬಿಡಲಿಲ್ಲ, ನನ್ನ ಅತ್ತೆ ಬಿಟ್ಟರು. “ನಮ್ಮ ಗಿರಿಜಾ ಮುಂಬೈ ಬ್ಯಾಂಕಿನ್ಯಾಗ ಅದಾಳ, ಮನ್ಯಾಗ ಕುಂತೇ ಕೆಲಸ ಮಾಡ್ತಾಳ” ಎಂದು ಓಣಿಯ ತುಂಬ ಹೇಳಿಕೊಂಡು ಬಂದರು. ಅವತ್ತಿನಿಂದ ಯಂತ್ರ ನುಂಗಿದ ಕಾರ್ಡು, ಹೆಸರು ತಪ್ಪಿದ ಪಾಸ್‌ಬುಕ್ಕು, ಬಂಗಾರದ ಸಾಲದ ಬಡ್ಡಿಯ ದರ, ಎಲ್ಲವೂ ನಮ್ಮ ಜಗುಲಿಗೇ ಬರತೊಡಗಿದವು. ಪಕ್ಕದ ಮನೆಯ ಶಾಂತಮ್ಮನವರಿಗೆ ನಾನು ಕೂರಿಸಿಕೊಂಡು ವಿವರಿಸಿದೆ: ನಮ್ಮದು ಇನ್ವೆಸ್ಟ್‌ಮೆಂಟ್ ಬ್ಯಾಂಕು, ಅಲ್ಲಿ ಯಾರೂ ದುಡ್ಡು ಕಟ್ಟುವುದಿಲ್ಲ, ತೆಗೆಯುವುದಿಲ್ಲ, ಒಂದು ಕಂಪನಿಯನ್ನು ಇನ್ನೊಂದು ಕಂಪನಿ ಕೊಳ್ಳುವಾಗ ನಡುವೆ ನಿಂತು ಮಾತು ಕುದುರಿಸಿ ಕೊಡುತ್ತಾರೆ ಅಂತ. ಶಾಂತಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿ, “ಅಂದ್ರ ದಲ್ಲಾಳಿ ಅನ್ನವ್ವ, ಅದಕ್ಕ್ಯಾಕ ಇಷ್ಟುದ್ದ ಹೆಸರು” ಎಂದರು. ಅಷ್ಟಾದರೂ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ದಲ್ಲಾಳಿಗೆ ಚಿತ್ರ ಬರೆದುಕೊಡುವವಳು.

ಚಿತ್ರವೆಂದರೆ ಸ್ಲೈಡು. ವ್ಯವಹಾರ ಕುದುರಿಸುವವರು ಗಿರಾಕಿಗಳ ಮುಂದೆ ತೋರಿಸುವ ಹಾಳೆಗಳನ್ನು ಅಂದವಾಗಿ ಜೋಡಿಸಿಕೊಡುವುದು ನಮ್ಮ ಸಪೋರ್ಟ್ ವಿಭಾಗದ ಕೆಲಸ. ಗೆರೆ ಸೊಟ್ಟಗಿದ್ದರೆ ನೆಟ್ಟಗೆ ಮಾಡಬೇಕು, ಬಾಣಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಬೇಕು. ಎಂ.ಕಾಂ. ಮುಗಿಸಿ ನಾನು ಕೇಳಿದ್ದು ಈ ಕೆಲಸವನ್ನಲ್ಲ. ಸಂದರ್ಶನದಲ್ಲಿ ಕೂತಿದ್ದ ಹೆಂಗಸು ಬಹಳ ಪ್ರೀತಿಯಿಂದ, “ಮೊದಲು ಸಪೋರ್ಟಿಗೆ ಸೇರಿಕೊಳ್ಳಿ. ಒಳಗೆ ಬಂದವರಿಗೆ ಮುಂದಿನ ದಾರಿ ತಾನಾಗಿ ಕಾಣಿಸುತ್ತದೆ” ಎಂದಿದ್ದರು. ನಾನು ನಂಬಿದೆ. ಕಂಪನಿಗಳಿಗೆ ಬೆಲೆ ಕಟ್ಟುವುದು ಹೇಗೆಂಬ ಪಾಠಗಳನ್ನು ಕಿವಿಗೆ ಹಾಕಿಕೊಂಡೇ ರೊಟ್ಟಿ ತಟ್ಟಿದೆ. ಎಷ್ಟೋ ರೊಟ್ಟಿ ಸೀದವು, ದಾರಿ ಮಾತ್ರ ಕಾಣಿಸಲಿಲ್ಲ. ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿರುವ ನನ್ನ ಗಂಡ ಸಮಾಧಾನ ಹೇಳುವುದೂ ಕಾಲುವೆಯ ಲೆಕ್ಕದಲ್ಲೇ. “ಮ್ಯಾಲಿನವ್ರು ಗೇಟ್ ಎತ್ತಿದ ಮ್ಯಾಲ ನೀರು ಬರೋದು ಗಿರಿಜಾ. ನೀ ಕೆಳಗ ನಿಂತು ಒದರಿದ್ರ ಬರ್ತತೇನು?” ಎನ್ನುತ್ತಾರೆ.

ಎಲ್ಲಕ್ಕಿಂತ ನೋವಾಗುವುದು ವಿಡಿಯೊ ಮೀಟಿಂಗುಗಳಲ್ಲಿ. ಸ್ಲೈಡುಗಳ ಮಾತು ನಡೆಯುವವರೆಗೆ ನನ್ನನ್ನು ಇಟ್ಟುಕೊಂಡಿರುತ್ತಾರೆ. ಯಾರು ಎಷ್ಟಕ್ಕೆ ಬಗ್ಗುತ್ತಾರೆ, ಯಾರನ್ನು ಹೇಗೆ ಒಪ್ಪಿಸಬೇಕು ಎಂಬ ನಿಜವಾದ ಮಾತು ಶುರುವಾಗುವ ಹೊತ್ತಿಗೆ, “ಥ್ಯಾಂಕ್ಯೂ ಗಿರಿಜಾ, ನೀವಿನ್ನು ಹೋಗಬಹುದು” ಎಂದುಬಿಡುತ್ತಾರೆ. ತೆರೆ ಕಪ್ಪಾಗುತ್ತದೆ, ಅದರಲ್ಲಿ ನನ್ನದೇ ಮುಖ ಕಾಣುತ್ತದೆ. ಸಂಡೂರಿನ ನನ್ನ ತವರುಮನೆಯಲ್ಲೂ ಹೀಗೇ ಆಗುತ್ತಿತ್ತು. ಅಪ್ಪನ ಹತ್ತಿರ ಯಾರಾದರೂ ದೊಡ್ಡ ವ್ಯವಹಾರದ ಮಾತಿಗೆ ಬಂದರೆ ಚಹಾದ ತಟ್ಟೆ ಹಿಡಿದು ಹೋಗುವುದು ನನ್ನ ಕೆಲಸ. ಮಾತು ರಂಗೇರುವಾಗ, “ಒಳಗ ಹೋಗು” ಎನ್ನುತ್ತಿದ್ದರು. ನಾನು ಪರದೆಯ ಹಿಂದೆ ನಿಂತು, ಆ ‘ಆಯ್ತು’ ಎಂಬ ಮಾತು ಮೊದಲು ಯಾರ ಬಾಯಿಂದ ಬರುತ್ತದೆ ಎಂದು ಕಾಯುತ್ತಿದ್ದೆ. ಆ ಒಂದು ಗಳಿಗೆಯಲ್ಲಿ ಕುರ್ಚಿಯ ಮೇಲೆ ಕೂತಿರಬೇಕು, ನಿಂತಿರಬಾರದು ಎಂಬುದೇ ನನ್ನ ಆಸೆ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ದೊಡ್ಡ ಆಸೆ.

ಹೀಗಿರುವಾಗ ಕಂಪ್ಲಿಯ ಅಕ್ಕಿ ಮಿಲ್ಲೊಂದನ್ನು ಕೊಳ್ಳಲು ಹೊರಟ ದೊಡ್ಡ ಆಹಾರ ಕಂಪನಿಯ ಪರವಾಗಿ ನಮ್ಮವರು ಕೆಲಸ ಹಿಡಿದರು. ಟೀಮಿನ ಮುಖ್ಯಸ್ಥರಾದ ಸಿನ್ಹಾ ಸಾಹೇಬರು ಮುಂಬೈಯಿಂದ ಬರುವವರಿದ್ದರು. ಕಾರು, ಊಟ, ದಾರಿಯಲ್ಲಿ ಹಂಪಿ, ಎಲ್ಲ ವ್ಯವಸ್ಥೆಯೂ ನನ್ನ ತಲೆಗೆ ಬಿತ್ತು. ಧೈರ್ಯ ಮಾಡಿ, “ಮಾತುಕತೆಯಲ್ಲಿ ನಾನೂ ಕೂರಬಹುದೇ ಸರ್?” ಎಂದು ಕೇಳಿದೆ. “ಖಂಡಿತ. ಅವರ ಕನ್ನಡ ನಮಗೆ ಯಾರಾದರೂ ಹೇಳಬೇಕಲ್ಲ” ಎಂದರು. ಯಾವ ನೆಪದಲ್ಲಾದರೂ ಆಗಲಿ, ಕುರ್ಚಿ ಸಿಕ್ಕಿತಲ್ಲ! ಯಾವತ್ತೋ ಕೊಂಡು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಇಟ್ಟಿದ್ದ ಕಪ್ಪು ಕೋಟನ್ನು ಹೊರತೆಗೆದೆ. ಅತ್ತೆ ನೋಡಿ, “ಈ ಬಿಸಿಲಾಗ ಕೋಟು ಹಾಕ್ಕೊಂಡು ಹೊಂಟೀಯಲ್ಲ, ಯಾರರ ವಕೀಲಿ ಅಂದ್ಕೊಂಡಾರು” ಎಂದರು.

ಹಂಪಿಯಲ್ಲಿ ನಾನು ಬೆವರಿನಲ್ಲಿ ಮಿಂದುಹೋದೆ. ಸಾಹೇಬರು ತೆಳ್ಳನೆಯ ಬಿಳಿ ಅಂಗಿ ತೊಟ್ಟು ಹಾಯಾಗಿದ್ದರು. ಭತ್ತದ ಹಂಗಾಮು, ಮಿಲ್ಲಿನ ಸಾಮರ್ಥ್ಯ ಎಂದು ನಾನು ಓದಿಕೊಂಡಿದ್ದನ್ನೆಲ್ಲ ಎತ್ತಿದಾಗ ಅವರು ಬಂಡೆಗಳ ಕಡೆ ನೋಡುತ್ತ, “ಇಲ್ಲಿ ಎಳನೀರು ಎಲ್ಲಿ ಸಿಗುತ್ತದೆ?” ಎಂದು ಕೇಳಿದರು. ಸಪೋರ್ಟ್ ವಿಭಾಗದವಳು ನಾನು, ಎಳನೀರು ತಂದುಕೊಟ್ಟೆ.

ಕಂಪ್ಲಿಯಲ್ಲಿ ಮಿಲ್ಲಿನ ಪಕ್ಕದಲ್ಲೇ ಮಾಲೀಕರ ಮನೆ. ವೀರಭದ್ರಪ್ಪನವರು ಬಾಗಿಲಿಗೇ ಬಂದು, “ಬರ್ರಿ, ಬರ್ರಿ, ಕುಂದ್ರಿ” ಎಂದು ಪಡಸಾಲೆಯಲ್ಲಿ ಕೂರಿಸಿದರು. ಅವರ ತಾಯಿ ಗೌರಮ್ಮನವರು ಒಳಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದರು. ಮಿಲ್ಲಿನಲ್ಲಿ ಅವರದ್ದೂ ಪಾಲಿತ್ತು, ಅವರು ಒಪ್ಪದೆ ಏನೂ ಆಗುವಂತಿರಲಿಲ್ಲ. ನಾನು ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಈ ಕಡೆಯ ಹಿಂದಿಯನ್ನು ಕನ್ನಡಕ್ಕೂ ಆ ಕಡೆಯ ಕನ್ನಡವನ್ನು ಹಿಂದಿಗೂ ದಾಟಿಸುತ್ತಿದ್ದೆ. ಊಟಕ್ಕೆ ಕೂತಾಗ ಗೌರಮ್ಮನವರು ನನ್ನ ತವರೂರು ಯಾವುದೆಂದು ಕೇಳಿ ತಿಳಿದುಕೊಂಡರು. ಊಟವಾಯಿತು. ಸಾಹೇಬರು ಗಂಟಲು ಸರಿಮಾಡಿಕೊಂಡು, “ಇನ್ನು ಬೆಲೆಯ ವಿಷಯಕ್ಕೆ ಬರೋಣ” ಎಂದರು. ನಾನು ಇಷ್ಟು ವರ್ಷ ಕಾದಿದ್ದ ಗಳಿಗೆ ಅದು.

ಅಷ್ಟರಲ್ಲಿ ಗೌರಮ್ಮನವರು ಎದ್ದು, “ತಂಗೀ, ಒಳಗ ಬಾ. ಉಡಿ ತುಂಬತೀನಿ” ಎಂದರು.

ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ, ಕರೆದಾಗ ಏಳದಿರುವ ಪದ್ಧತಿ ಮೊದಲೇ ಇಲ್ಲ. “ಆಮ್ಯಾಲ ಬರ್ತೀನ್ರಿ ಅಮ್ಮಾ” ಎಂದೆ. “ಆಮ್ಯಾಲ ಅಂದ್ರ ರಾಹುಕಾಲ ಬರ್ತತವ್ವ. ಅವ್ರು ಮಾತಾಡ್ಲಿ ಬಿಡು, ಗಂಡಸ್ರ ಮಾತು ಜಲ್ದಿ ಮುಗಿಯಂಗಿಲ್ಲ” ಎಂದರು. ವೀರಭದ್ರಪ್ಪನವರು ತಮಗೂ ಸ್ವಲ್ಪ ಹಿಂದಿ ಬರುತ್ತದೆ, ಹೋಗಿ ಬನ್ನಿ ಎಂದರು. ಸಾಹೇಬರು, “ಥ್ಯಾಂಕ್ಯೂ ಗಿರಿಜಾ” ಎಂದರು. ಎದ್ದೆ. ದೇವರಮನೆಯ ಹೊಸ್ತಿಲು ದಾಟುವವರೆಗೂ ಹಿಂತಿರುಗಿ ಆ ಖಾಲಿ ಕುರ್ಚಿಯನ್ನು ನೋಡುತ್ತಲೇ ಹೋದೆ. ಅಳು ಬರುವುದೊಂದೇ ಬಾಕಿ.

ಒಳಗೆ ಇನ್ನೊಂದು ಫಜೀತಿ. ಉಡಿ ತುಂಬಲು ಸೆರಗು ಬೇಕು, ನಾನು ತೊಟ್ಟಿದ್ದು ಪ್ಯಾಂಟು, ಕೋಟು. ಗೌರಮ್ಮನವರು ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಎಲ್ಲ ಹಿಡಿದು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎಲ್ಲಿ ಹಾಕ್ಲಿ ಇದನ್ನ?” ಎಂದರು. ನಾನು ಕೋಟಿನ ಎರಡೂ ತುದಿಗಳನ್ನು ಹಿಡಿದು ಒಡ್ಡಿದೆ. ಅಜ್ಜಿ ನಗು ತಡೆದುಕೊಂಡು, ಮಣಮಣ ಏನೋ ಹರಸುತ್ತ, ತಮ್ಮದೇ ಮಿಲ್ಲಿನ ಅಕ್ಕಿಯನ್ನು ಅದರೊಳಗೆ ಸುರಿದರು. ಉಡಿಯ ಅಕ್ಕಿ ಚೆಲ್ಲಬಾರದಲ್ಲ, ನಾನು ಅಲ್ಲಾಡದೆ ನಿಂತೆ. ಆಗ ಅವರು ದನಿ ತಗ್ಗಿಸಿದರು.

“ಸಂಡೂರಿನ ಮಗಳು ಅಂತ ಕೇಳತೀನಿ. ಮಿಲ್ಲು ಹೋಗ್ಲಿ, ಮಗಗ ಸಾಕಾಗೈತಿ. ಆದ್ರ ನಮ್ಮ ಹಮಾಲರು, ಭತ್ತ ಕುದಸೋ ಮಂದಿ, ಎಲ್ಲಾ ನನ್ನ ಕಣ್ಮುಂದ ಬೆಳದವ್ರು. ಇವ್ರು ಬಂದು ಅವ್ರನ್ನ ಬಿಡಿಸಿಬಿಟ್ರ? ನಿಂದೇ ಮಿಲ್ಲಾಗಿದ್ರ ನೀ ಏನ್ ಮಾಡ್ತಿದ್ದಿ?”

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಯಾವ ಬಾಣ ಎಲ್ಲಿರಲಿ ಎಂದು ಕೇಳಿದ್ದರು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿರಲಿಲ್ಲ. ರೊಟ್ಟಿ ಸೀಯಿಸಿ ಕಲಿತ ವಿದ್ಯೆಯೆಲ್ಲ ಒಮ್ಮೆಲೇ ನಾಲಿಗೆಗೆ ಬಂದುಬಿಟ್ಟಿತು. “ಬಾಯಿಮಾತಿಗೆ ಹ್ಞೂಂ ಅನ್ನಬ್ಯಾಡ್ರಿ ಅಮ್ಮಾ. ಈಗಿರೋ ಮಂದೀನ ಇಂತಿಷ್ಟು ವರ್ಷ ತೆಗಿಯಂಗಿಲ್ಲ ಅಂತ ಕರಾರಿನ್ಯಾಗ ಬರಸ್ಕೊರಿ. ಬೆಲಿ ಮಾತು ಮುಗಿಯೋಕ ಮೊದಲ ಇದನ್ನ ಹೇಳ್ರಿ, ಆಮ್ಯಾಲ ಹೇಳಿದ್ರ ಯಾರೂ ಕೇಳಂಗಿಲ್ಲ. ಈಗ ಅವ್ರಿಗೆ ನಿಮ್ಮ ಮಿಲ್ಲು ಭಾಳ ಬೇಕಾಗೈತಿ” ಎಂದೆ. ಅಜ್ಜಿ ತಲೆಯಾಡಿಸಿ, ಸೆರಗು ಹೊದ್ದು, ಸೀದಾ ಪಡಸಾಲೆಗೆ ನಡೆದರು. ಅವರ ಬೆನ್ನು ಕಾಣಿಸಿದ ಮೇಲೆ ನನಗೆ ಅರಿವಾಯಿತು. ನನ್ನ ಜೀವಮಾನದ ಮೊಟ್ಟಮೊದಲ ಸಲಹೆ, ಅದನ್ನು ಎದುರು ಪಾರ್ಟಿಗೆ ಕೊಟ್ಟುಬಿಟ್ಟಿದ್ದೆ!

ಕೋಟಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಬಾಗಿಲ ಪರದೆಯ ಹಿಂದೆ ನಿಂತೆ. ಅಜ್ಜಿ ನಾನು ಹೇಳಿದ್ದನ್ನು ನನಗಿಂತ ಚೆನ್ನಾಗಿ ಹೇಳಿದರು. ಮಗ ಅದನ್ನು ಹಿಂದಿಗೆ ತಿರುಗಿಸಿದರು. ಸಾಹೇಬರು ಅಂಗಳಕ್ಕೆ ಹೋಗಿ ಮುಂಬೈಗೆ ಫೋನು ಮಾಡಿದರು, ಬಂದರು, ಮತ್ತೆ ಹೋದರು. ಕೊನೆಗೆ ‘ಆಯ್ತು’ ಎಂಬ ಮಾತು ಅವರ ಬಾಯಿಂದಲೇ ಮೊದಲು ಬಂತು. ನಾನು ಆಗಲೂ ನಿಂತೇ ಇದ್ದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಸಾಹೇಬರು ಅಜ್ಜಿಯ ಷರತ್ತನ್ನು ಫೋನಿನಲ್ಲಿ ಬರೆದುಕೊಳ್ಳುತ್ತ ಕೂತರು. ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಕಡೆಗೆ ಅವರು ನಕ್ಕರು. “ಆ ಅಜ್ಜಿ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹಿಡಿದರು ನೋಡಿ. ಇದು ಯಾರೋ ಪಳಗಿದವರು ಹೇಳಿಕೊಟ್ಟ ಮಾತು. ಅವರಿಗೊಬ್ಬ ಸಲಹೆಗಾರ ಇದ್ದೇ ಇದ್ದಾನೆ. ಅಂಥವನು ನಮ್ಮ ಟೀಮಿನಲ್ಲಿರಬೇಕು, ನಾಳೆಯೇ ತೆಗೆದುಕೊಳ್ಳುತ್ತೇನೆ” ಎಂದರು. ನನ್ನ ಬಾಯಿ ಅರ್ಧ ತೆರೆಯಿತು. ‘ನಾನೇ ಸರ್’ ಎಂದಿದ್ದರೆ ಕುರ್ಚಿ ಸಿಗುವುದಿರಲಿ, ಮರುದಿನ ಸ್ಲೈಡೂ ಇರುತ್ತಿರಲಿಲ್ಲ. ಬಾಯಿ ಮುಚ್ಚಿದೆ.

“ನಿಮಗೆ ಈ ಕಡೆಯವರೆಲ್ಲ ಗೊತ್ತಲ್ಲ ಗಿರಿಜಾ. ಅವನು ಯಾರು ಅಂತ ಸ್ವಲ್ಪ ಹುಡುಕಿ ಕೊಡುತ್ತೀರಾ?”

“ಆಗಲಿ ಸರ್” ಎಂದೆ. ಈಗಲೂ ಆಗಾಗ ಕೇಳುತ್ತಿರುತ್ತಾರೆ, ಅವನು ಸಿಕ್ಕನೇ ಎಂದು. ಹುಡುಕುತ್ತಿದ್ದೇನೆ ಸರ್ ಎಂದು ಬರೆಯುತ್ತೇನೆ. ಅವನಿಗಾಗಿ ಟೀಮಿನಲ್ಲಿ ಒಂದು ಕುರ್ಚಿಯನ್ನು ಇನ್ನೂ ಖಾಲಿ ಇಟ್ಟಿದ್ದಾರಂತೆ.