ಉಸಿರು ಕಾಯುವ ಕೆಲಸ

ಉಸಿರಾಡುವುದು ಇಷ್ಟು ಕಷ್ಟದ ಕೆಲಸವೆಂದು ನಲವತ್ತೇಳು ವರ್ಷದವರೆಗೆ ನನಗೆ ಯಾರೂ ಹೇಳಿರಲಿಲ್ಲ. ಕಷ್ಟದ ಕೆಲಸಗಳೆಂದರೆ ನನ್ನ ಲೆಕ್ಕದಲ್ಲಿ ಬೇರೆಯೇ ಇದ್ದವು. ನಾಗಪುರದ ಮೇ ತಿಂಗಳಲ್ಲಿ ದಿನಕ್ಕೆ ಮೂರು ಸಲ ಬಕೆಟ್ಟಿನಿಂದ ಕೂಲರಿಗೆ ನೀರು ತುಂಬುವುದು, ಕೈಯಲ್ಲಿ ಬಡಿದ ಜೋಳದ ರೊಟ್ಟಿ ಹರಿಯದ ಹಾಗೆ ಹೆಂಚಿನ ಮೇಲೆ ಹಾಕುವುದು, ಮನೆಯವರ ಕನ್ನಡಕ ಅವರ ಹಣೆಯ ಮೇಲೇ ಇದೆಯೆಂದು ನಗದೆ ಹೇಳುವುದು, ಹೀಗೆ. ಉಸಿರು ಆ ಸಾಲಿನಲ್ಲಿ ಇರಲೇ ಇಲ್ಲ. ಅದು ನಡುಮನೆಯ ಹಳೆಯ ಫ್ಯಾನಿನಂತೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅದನ್ನು ನೋಡಬೇಕು ಎಂದು ಮೇಶ್ರಾಮ್ ಬಾಯಿ ಹೇಳಿದರು ನೋಡಿ, ಅಂದಿನಿಂದ ಕಿರ್ರೆನ್ನಲು ಶುರುವಾಯಿತು.

ಮೇಶ್ರಾಮ್ ಬಾಯಿ ಲಕ್ಷ್ಮೀ ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಆದ್ದರಿಂದ ಮರಾಠಿಯಲ್ಲಿ ಟೀಚರನ್ನು ಕರೆಯುವಂತೆ ಇಡೀ ಗಲ್ಲಿಗೆ ಅವರು ‘ಬಾಯಿ’. ಮನೆಯ ಮುಂದಿನ ಕೋಣೆಯಲ್ಲಿ ಬುದ್ಧನ ಒಂದು ಚಿಕ್ಕ ಮೂರ್ತಿ, ಅದರ ಎದುರು ಚಾಪೆ. ವಾರಕ್ಕೆ ಆರು ದಿನ ಹನ್ನೊಂದರಿಂದ ಹನ್ನೆರಡರವರೆಗೆ ಗಲ್ಲಿಯ ಹೆಂಗಸರಿಗೆ ಆನಾಪಾನ ಕಲಿಸುತ್ತಿದ್ದರು. ಆನಾಪಾನವೆಂದರೆ ಮೂಗಿನ ತುದಿಯಲ್ಲಿ ಉಸಿರು ಬಂತು, ಹೋಯಿತು ಎಂದು ಸುಮ್ಮನೆ ಗಮನಿಸುತ್ತ ಕೂರುವುದು. ಅಷ್ಟೇ. ಆ ಬೇಸಿಗೆಯಲ್ಲಿ ನನಗೆ ಎದೆ ಡವಡವ ಎನ್ನುತ್ತಿತ್ತು. ಡಾಕ್ಟರು ಎಲ್ಲ ತಪಾಸಣೆ ಮಾಡಿ ಏನೂ ಇಲ್ಲವೆಂದಿದ್ದರು, ‘ಶಾಂತವಾಗಿರಿ’ ಎಂದು ಬರೆದುಕೊಡುವುದೊಂದು ಬಾಕಿ. ಕಾಂಪೌಂಡ್ ಗೋಡೆಯ ಆಚೆಯಿಂದ ಬಾಯಿ, “ಅಹೋ ಪಾಟೀಲ್ ವಹಿನಿ, ಒಂದು ತಿಂಗಳು ಬಂದು ನೋಡಿ” ಎಂದು ಮರಾಠಿಯಲ್ಲಿ, ಅತ್ತಿಗೆಯನ್ನು ಕರೆಯುವ ಹಾಗೆ ಕರೆದರು. ಹೋದೆ. ಅವರ ಕೋಣೆಯ ಕೂಲರಿಗೆ ಆ ವಾರವಷ್ಟೇ ಲಾವಂಚದ ಹೊಸ ತಡಿಕೆ ಹಾಕಿಸಿದ್ದರು ಎಂಬುದೂ ನನ್ನ ಆಧ್ಯಾತ್ಮಿಕ ಆಸಕ್ತಿಗೆ ಒಂದು ಕಾರಣವಿರಬಹುದು.

ಮೊದಲ ದಿನವೇ ಗೊಂದಲ. “ಉಸಿರನ್ನು ಬದಲಿಸಬೇಡಿ, ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ, ನೋಡಿ ಅಷ್ಟೇ” ಎಂದರು ಬಾಯಿ. ನಾನು ನೋಡಿದೆ. ನೋಡಿದೊಡನೆ ಅದು ನಿಂತಿತು. ಹೊಸ ಸೊಸೆ ಅತ್ತೆ ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಸೌಟು ಹಿಡಿದು ನಿಂತುಬಿಡುವಂತೆ. ಅದು ಮುಂದೆ ಹೋಗಲೆಂದು ನಾನೇ ಎಳೆದುಕೊಂಡೆ. ಎಳೆದುಕೊಂಡರೆ ಬದಲಿಸಿದ ಹಾಗಾಯಿತು. ಬದಲಿಸಬಾರದೆಂದು ಬಿಟ್ಟರೆ, ಈಗ ಇದನ್ನು ಎಳೆಯುವವರು ಯಾರು ಎಂಬ ದಿಗಿಲು. ಮನೆಗೆ ಬಂದು ಮನೆಯವರಿಗೆ ಹೇಳಿದೆ. ಅವರು ಕೇಂದ್ರ ಸರ್ಕಾರದ ನೌಕರರು, ಯಾವುದಕ್ಕೂ ಗಾಬರಿಯಾಗುವ ಅಭ್ಯಾಸವಿಲ್ಲ. “ನಲವತ್ತೇಳು ವರ್ಷ ನೀ ನೋಡಲಾರದನ ನಡದೈತಿ. ಈಗ ಒಮ್ಮಿಂದೊಮ್ಮೆ ನೋಡಾಕ ಹತ್ತಿದಿ ಅಂತ ಅದಕ್ಕ ನಾಚಿಕಿ ಬಂದಿರಬೇಕು” ಎಂದು ಪೇಪರಿನ ಹಾಳೆ ತಿರುವಿದರು.

ಎರಡನೆಯ ವಾರಕ್ಕೆ ನಾಚಿಕೆ ಹೋಯಿತು, ನಿದ್ದೆ ಬಂತು. ಇದರಲ್ಲಿ ನನ್ನ ತಪ್ಪು ಎಷ್ಟೆಂದು ಓದುವವರೇ ಹೇಳಬೇಕು. ಐದಕ್ಕೆ ಎದ್ದು, ನಲ್ಲಿ ನೀರು ಹಿಡಿದು, ರೊಟ್ಟಿ ಪಲ್ಯ ಮಾಡಿ ಡಬ್ಬಿ ಕಟ್ಟಿ, ಬಟ್ಟೆ ಒಗೆದು ಹಾಕಿ ಬಂದ ಹೆಂಗಸನ್ನು ಹನ್ನೊಂದು ಗಂಟೆಗೆ ತಂಪು ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರಿಸಿದರೆ ಬುದ್ಧನಾದರೂ ಏನು ಮಾಡಿಯಾನು? ಆದರೆ ಬೇರೆಯವರು ತೂಕಡಿಸಿದರೆ ಗೊತ್ತಾಗುತ್ತದೆ. ತಲೆ ವಾಲುತ್ತದೆ, ಬಾಯಿ ತೆರೆಯುತ್ತದೆ. ನನ್ನದು ಹಾಗಲ್ಲ. ನನ್ನ ನಿದ್ದೆಗೆ ಶಿಕ್ಷಣವಾಗಿದೆ. ಧಾರವಾಡದ ಹತ್ತಿರದ ನಮ್ಮೂರ ಮಠದಲ್ಲಿ ಶ್ರಾವಣ ಮಾಸವಿಡೀ ಪುರಾಣ ಹೇಳುತ್ತಿದ್ದರು. ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಲೆ ವಾಲಿದರೆ ಬೀಸಣಿಗೆಯ ಹಿಡಿಯಿಂದ ಪಕ್ಕೆಗೆ ತಿವಿಯುತ್ತಿದ್ದಳು. ಎಂಟು ವರ್ಷಕ್ಕೇ ನಾನು ಬೆನ್ನು ನೆಟ್ಟಗಿಟ್ಟು, ಗಲ್ಲವನ್ನು ಒಂದಿಷ್ಟೇ ಒಳಗೆಳೆದು, ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಭಾರವಾಗಿ ಇರಿಸಿ, ಮುಖದಲ್ಲಿ ಭಕ್ತಿ ಕೆಡದಂತೆ ನಿದ್ದೆ ಮಾಡುವುದನ್ನು ಕಲಿತಿದ್ದೆ. ಆ ವಿದ್ಯೆ ನಲವತ್ತು ವರ್ಷದ ಮೇಲೆ ನಾಗಪುರದಲ್ಲಿ ಕೈಹಿಡಿಯುತ್ತದೆಂದು ಅಜ್ಜಿಗೂ ಗೊತ್ತಿರಲಿಲ್ಲ.

ಬಾಯಿ ಸ್ಟೀಲ್ ಬಟ್ಟಲಿಗೆ ಚಮಚದಿಂದ ಹೊಡೆದು ಮುಗಿಯಿತೆಂದು ಸೂಚಿಸುತ್ತಿದ್ದರು. ಕಣ್ಣು ತೆರೆದಾಗ ಎಲ್ಲರೂ ಸೊಂಟ ತಿಕ್ಕಿಕೊಳ್ಳುತ್ತಿರುತ್ತಿದ್ದರು, ನಾನೊಬ್ಬಳು ಈಗಷ್ಟೇ ಮುಖ ತೊಳೆದವಳಂತೆ ಇರುತ್ತಿದ್ದೆ. “ಹೇಗಾಯಿತು ವಹಿನಿ?” ಎಂದರೆ, “ತಾಸು ಹೋದದ್ದೇ ತಿಳಿಯಲಿಲ್ಲ” ಎಂದು ಇದ್ದದ್ದನ್ನೇ ಹೇಳುತ್ತಿದ್ದೆ. ಹೆಂಗಸರು ನಿಟ್ಟುಸಿರು ಬಿಡುತ್ತಿದ್ದರು. ಬಾಯಿಗೆ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಅವರಿಗೆ ನಾನು ಅಲುಗಾಡದ ಒಂದು ಆಕಾರವಾಗಿ ಮಾತ್ರ ಕಾಣುತ್ತಿದ್ದೆ. “ನೋಡಿ, ಪಾಟೀಲ್ ವಹಿನಿಯನ್ನು ನೋಡಿ ಕಲಿಯಿರಿ. ಗುಡ್ಡ ಕೂತ ಹಾಗೆ!” ಎನ್ನುತ್ತಿದ್ದರು.

ನನಗೂ ಖಾತ್ರಿ ಇರಲಿಲ್ಲವೆಂದರೆ ನೀವು ನಂಬಬೇಕು. ಇದು ನಿದ್ದೆಯೋ, ಅಥವಾ ಧ್ಯಾನವೇ ಹೀಗಿರುತ್ತದೆಯೋ? ಒಂದು ದಿನ ಉಸಿರು ನೋಡುತ್ತ ನೋಡುತ್ತ ಅಂಗಳದಲ್ಲಿ ಗ್ಯಾಸ್ ಸಿಲಿಂಡರು ಬಂದಿಳಿಯಿತು, ನಾನು ಅದರ ಸೀಲು ನೋಡಿ ಒಳಗೆ ಉರುಳಿಸಿಕೊಂಡು ಹೋದೆ, ಅಷ್ಟರಲ್ಲಿ ಬಟ್ಟಲು ಸದ್ದಾಯಿತು. ಸಮಾಧಿಯಲ್ಲಿ ಸಿಲಿಂಡರು ಬರಲಾರದು ಎಂದು ಆಗ ತಿಳಿಯಿತು. ಮರುದಿನದಿಂದ ಬಾಯಲ್ಲಿ ಲವಂಗ ಇಟ್ಟುಕೊಂಡು, ಹಲ್ಲು ಕಚ್ಚಿ, ಮೂಗಿನ ತುದಿಯನ್ನು ಹಾಲಿನ ಪಾತ್ರೆಯನ್ನು ಕಾಯುವಂತೆ ಕಾದೆ. ನಿದ್ದೆ ಬರಲಿಲ್ಲ, ತಲೆನೋವು ಬಂತು, ಸಂಜೆಯವರೆಗೂ ಹುಬ್ಬಿನ ನಡುವೆ ಮೊಳೆ ಹೊಡೆದ ಹಾಗೆ. ಲವಂಗ ಬಿಟ್ಟೆ, ನಿದ್ದೆ ಬಂತು. ಕೊನೆಗೆ ಬಾಯಿಯನ್ನೇ ಕೇಳಿದೆ, ಇವೆರಡರ ನಡುವೆ ಜಾಗ ಎಲ್ಲಿದೆ ಎಂದು. ಬಾಯಿ ನಕ್ಕರು. “ಶಾಲೆಗೆ ನಾನು ಸೈಕಲ್ ಮೇಲೆ ಹೋಗುತ್ತಿದ್ದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದರೂ ಗಟಾರಕ್ಕೆ, ಬಿಟ್ಟರೂ ಗಟಾರಕ್ಕೆ. ನಡುವೆ ಹೇಗೆ ಹಿಡಿಯಬೇಕೆಂದು ಯಾರೂ ಹೇಳಲಿಲ್ಲ, ಕೈಗೆ ತಾನೇ ಗೊತ್ತಾಯಿತು. ಇದೂ ಬರೋಬರ್ ಹಾಗೇ.” ನನಗೆ ಸೈಕಲ್ ಬರುವುದಿಲ್ಲ.

ಹೀಗಿರುವಾಗ ಬಾಯಿಯ ಕಣ್ಣಿನ ಆಪರೇಷನ್ ನಿಶ್ಚಯವಾಯಿತು. ಎರಡು ವಾರ ಮನೀಶ್ ನಗರದ ಮಗಳ ಮನೆಯಲ್ಲಿ ಇರಬೇಕು. ಹೋಗುವ ಮುನ್ನ ಬಟ್ಟಲು, ಚಮಚ, ಕೋಣೆಯ ಕೀಲಿಕೈ ಮೂರನ್ನೂ ನನ್ನ ಕೈಗಿಟ್ಟರು. “ಬಾಯಿ, ನನಗೆ ಇನ್ನೂ ಏನೂ ಬರುವುದಿಲ್ಲ, ನಿಜ ಹೇಳಬೇಕೆಂದರೆ...” ಎಂದು ಶುರುಮಾಡಿದೆ. ಅವರು ನನ್ನ ಕೈ ಅದುಮಿ, “ಬರುತ್ತದೆ ಎನ್ನುವವರಿಗೆ ನಾನು ಕೊಡುತ್ತಲೂ ಇರಲಿಲ್ಲ” ಎಂದರು. ಬಟ್ಟಲು ಹಿಡಿದುಕೊಂಡು ಮನೆಗೆ ಬಂದೆ.

ಮೊದಲ ದಿನ ತರಗತಿ ಒಂದು ಗಂಟೆ ನಲವತ್ತು ನಿಮಿಷ ನಡೆಯಿತು. ಬಟ್ಟಲು ಹೊಡೆಯಬೇಕಾದವಳೇ ಗುಡ್ಡವಾಗಿ ಕೂತಿದ್ದಳಲ್ಲ. ಮೂಲೆಮನೆಯ ದೇಶಪಾಂಡೆ ಕಾಕು ಮನೆಯಲ್ಲಿ ಬೇಳೆ ತಳ ಹಿಡಿದು ಕರಕಾಯಿತು. ಆದರೂ ಅವರು, “ಆಜ್ ಫಾರ್ ಖೋಲ್ ಝಾಲ!” ಎಂದರು, ಇವತ್ತು ಬಹಳ ಆಳಕ್ಕೆ ಹೋಯಿತು ಎಂದು. ಮರುದಿನದಿಂದ ನಾನು ಅಡಿಗೆಮನೆಯ ಅಲಾರಂ ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದೆ. ಅದು ಒಳಗೊಳಗೇ ಗುರ್ರೆಂದರೆ ನಾನು ಶಾಂತವಾಗಿ ಚಮಚ ಎತ್ತುತ್ತಿದ್ದೆ.

ಮೂರನೆಯ ದಿನ ರೇವತಿ ಬಂದಳು. ಮಂಡ್ಯದ ಕಡೆಯ ಹುಡುಗಿ, ಗಂಡ ಏರ್‌ಫೋರ್ಸಿನಲ್ಲಿ. ಆತನನ್ನು ಆರು ತಿಂಗಳಿಗೆಂದು ದೂರದ ಗಡಿಯ ಕಡೆ ಕಳಿಸಿದ್ದರು. ಇವಳು ನಮ್ಮ ಗಲ್ಲಿಯ ಕೊನೆಯಲ್ಲಿ ಒಬ್ಬಳೇ. ನಾಲ್ಕು ತಿಂಗಳ ಗರ್ಭಿಣಿ. ಎಲ್ಲರೂ ಎದ್ದು ಹೋದರೂ ಅವಳು ಏಳಲಿಲ್ಲ.

“ಆಂಟಿ, ನಂಗೆ ನಿದ್ದೇನೇ ಬರಲ್ಲ. ಎರಡು ತಿಂಗಳಾಯ್ತು. ಮಾತ್ರೆ ಕೊಡಕ್ಕಾಗಲ್ಲ, ಮಗೂಗೆ ಒಳ್ಳೇದಲ್ಲ ಅಂತಾರೆ ಡಾಕ್ಟ್ರು. ಹೀಗೇ ಇದ್ರೆ ಮಗು ಬೆಳೆಯಲ್ಲ ಅಂತ ಅವರೇ ಬೈತಾರೆ. ನಿಮ್ಮನ್ನ ನೋಡಿದ್ರೆ ಮನಸ್ಸು ತಡೆದು ನಿಲ್ಸೋದು ಗೊತ್ತಿರೋರು ಅನ್ಸುತ್ತೆ. ನಂಗೂ ಹೇಳ್ಕೊಡಿ.”

ಬಾಯಿ ಹೇಳಿದ್ದನ್ನೇ ಹೇಳಿದೆ. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ. ಸೈಕಲ್ಲನ್ನೂ ಸೇರಿಸಿದೆ. ಅವಳು ನಂಬಿಕೆಯಿಂದ ತಲೆ ಆಡಿಸಿದಳು. ನಾಲ್ಕು ದಿನ ಕೂತಳು. ನಾಲ್ಕನೆಯ ದಿನ ಅವಳ ಕಣ್ಣಿನ ಕೆಳಗಿನ ಕಪ್ಪು ಕೆನ್ನೆಗೆ ಇಳಿದಿತ್ತು. “ಕಣ್ಣು ಮುಚ್ಚಿದ್ರೆ ಫೋನ್ ರಿಂಗಾದ ಹಾಗೆ ಕೇಳ್ಸುತ್ತೆ ಆಂಟಿ. ಅದಕ್ಕೇ ಕಣ್ಣು ಬಿಟ್ಕೊಂಡು ನಿಮ್ಮನ್ನೇ ನೋಡ್ತಾ ಕೂತಿದ್ದೆ. ಒಂದು ಗಂಟೆ ನೀವು ಅಲ್ಲಾಡ್ಲೇ ಇಲ್ಲ. ಬಾಯಿ ಹೇಳಿದ್ದು ಬೇಡ. ನೀವು ಏನ್ ಮಾಡ್ತೀರ ಅದನ್ನ ಹೇಳಿ.”

ಹೆಂಗಸರ ಮೆಚ್ಚುಗೆ ಹೋದರೆ ಹೋಗಲಿ, ಬಟ್ಟಲು ಹೋದರೂ ಹೋಗಲಿ. ಈ ಹುಡುಗಿಯ ಮುಖ ನೋಡಿಕೊಂಡು ಮತ್ತೆ ಸೈಕಲ್ಲಿನ ಕಥೆ ಹೇಳಲು ನನ್ನಿಂದಾಗಲಿಲ್ಲ.

“ನಾ ನಿದ್ದಿ ಮಾಡ್ತೀನವಾ” ಎಂದೆ.

“ಆಂ?”

“ನಿದ್ದಿ. ಕುಂತಲ್ಲೇ. ದಿನಾ. ಧ್ಯಾನಾನೂ ಇಲ್ಲ, ಏನೂ ಇಲ್ಲ. ಇಲ್ನೋಡು” ಎಂದು ಟವೆಲ್ ಬಿಚ್ಚಿ ಗಡಿಯಾರ ತೋರಿಸಿದೆ.

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಎದ್ದು ಹೋಗುತ್ತಾಳೆ, ಇನ್ನು ಗಲ್ಲಿಯಿಡೀ ಗೊತ್ತಾಗುತ್ತದೆ ಎಂದು ಸೆರಗು ಸರಿಮಾಡಿಕೊಂಡೆ. ಅವಳು ಇನ್ನೂ ಹತ್ತಿರ ಸರಿದು, “ಹಾಗಾದ್ರೆ ಅದನ್ನೇ ಹೇಳ್ಕೊಡಿ ಆಂಟಿ, ನಂಗೆ ಬೇಕಾಗಿರೋದೂ ಅದೇ ತಾನೇ?” ಎಂದಳು.

ಮರುದಿನ ಅಜ್ಜಿಯ ವಿದ್ಯೆಯನ್ನು ಮೊದಲಿನಿಂದ ಹೇಳಿಕೊಟ್ಟೆ. ಮೂಲೆಯಲ್ಲಿ ಗೋಡೆಗೆ ಬೆನ್ನು, ಸೊಂಟಕ್ಕೆ ದಿಂಬು, ಗಲ್ಲ ಒಂದಿಷ್ಟು ಒಳಗೆ, ಕೈ ಭಾರವಾಗಿ ಹೊಟ್ಟೆಯ ಕೆಳಗೆ. ನಾನು ಪಕ್ಕದಲ್ಲೇ ಕೂತೆ. ಹನ್ನೊಂದೂಕಾಲಕ್ಕೆ ಅವಳ ತಲೆ ನನ್ನ ಹೆಗಲ ಮೇಲೆ ಬಂತು. ಹೊಸಬರಿಗೆ ತಲೆ ವಾಲುತ್ತದೆ, ತಿವಿಯಲು ನನಗೆ ಮನಸ್ಸಾಗಲಿಲ್ಲ. ನಾನೀಗ ನಿದ್ದೆ ಮಾಡುವ ಹಾಗಿಲ್ಲ, ಮಾಡಿದರೆ ಹೆಗಲು ಜಾರುತ್ತದೆ. ಅಲುಗಾಡುವ ಹಾಗೂ ಇಲ್ಲ. ಮಾಡಲು ಬೇರೆ ಏನೂ ಇಲ್ಲದ್ದರಿಂದ ಅವಳ ಉಸಿರನ್ನೇ ಕೇಳುತ್ತ ಕೂತೆ. ಮೊದಲು ತುಂಡುತುಂಡಾಗಿ ಬರುತ್ತಿತ್ತು. ಆಮೇಲೆ ಉದ್ದವಾಯಿತು. ನಡುವೆ ಒಂದು ಗಳಿಗೆ ನಿಲ್ಲುತ್ತಿತ್ತು, ನನ್ನ ಜೀವ ಹಾರುತ್ತಿತ್ತು, ತಾನೇ ಮತ್ತೆ ಬರುತ್ತಿತ್ತು. ಅದನ್ನು ನಾನು ಎಳೆಯುವಂತಿರಲಿಲ್ಲ, ಬಿಡುವಂತಿರಲಿಲ್ಲ. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ. ತೊಡೆಯ ಕೆಳಗೆ ಗಡಿಯಾರ ಗುರ್ರೆನ್ನುವ ಮೊದಲೇ ಕೈಹಾಕಿ ಅದರ ಗುಂಡಿ ಒತ್ತಿದೆ. ಬಟ್ಟಲು ಹೊಡೆಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟಾಗ ತುಟಿಯ ಮೇಲೆ ಬೆರಳಿಟ್ಟು ಕಳಿಸಿದೆ. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋದರು. ಎರಡು ಗಂಟೆಗೆ ರೇವತಿ ಎದ್ದು, ಹಸಿವಾಗುತ್ತಿದೆ ಎಂದಳು. ಎರಡು ತಿಂಗಳಲ್ಲಿ ಆ ಮಾತು ಅದೇ ಮೊದಲಂತೆ. ಮೂರು ರೊಟ್ಟಿ ತಿಂದಳು.

ಮುಂದಿನ ದಿನಗಳೆಲ್ಲ ಹೀಗೇ. ಬರುಬರುತ್ತ ಅವಳ ತಲೆ ನಿಂತಿತು, ಹೆಗಲು ಬೇಡವಾಯಿತು, ಕೆನ್ನೆಗೆ ಬಣ್ಣ ಬಂತು. ನನಗೆ ಮಾತ್ರ ಹನ್ನೊಂದಕ್ಕೆ ನಿದ್ದೆ ಬರುವುದು ನಿಂತೇಹೋಯಿತು. ಅವಳು ಎಲ್ಲಿ ವಾಲುತ್ತಾಳೋ ಎಂದು ಅರೆಗಣ್ಣಲ್ಲಿ ನೋಡುತ್ತ, ಕಾಲು ಜೋಮು ಹಿಡಿದರೆ ಬದಲಿಸುತ್ತ, ನಡುವೆ ಎಲ್ಲೋ ನನ್ನ ಉಸಿರೂ ತನ್ನ ಪಾಡಿಗೆ ತಿರುಗುತ್ತಿರುವುದು ಗಮನಕ್ಕೆ ಬರುತ್ತಿತ್ತು. ಇದಕ್ಕೆ ಏನೆನ್ನುತ್ತಾರೆಂದು ಬಾಯಿಯನ್ನು ಕೇಳಬೇಕು ಎಂದುಕೊಂಡೆ.

ಬಾಯಿ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು. ಪೊರೆ ಹೋಗಿತ್ತು, ಈಗ ಎಲ್ಲವೂ ಸ್ವಚ್ಛ ಕಾಣುತ್ತಿತ್ತು. ಮೊದಲ ದಿನ ಒಂದು ತಾಸು ಎಲ್ಲರನ್ನೂ ನೋಡುತ್ತ ಕೂತರು. ಬಟ್ಟಲು ಹೊಡೆದ ಮೇಲೆ ನನ್ನನ್ನು ಕರೆದು ಬೇಸರದಿಂದ ಹೇಳಿದರು. “ವಹಿನಿ, ಏನಾಯಿತು ನಿಮಗೆ? ಹೋಗುವಾಗ ಗುಡ್ಡದ ಹಾಗೆ ಇದ್ದಿರಿ. ಈಗ ಕಾಲು ಅಲುಗುತ್ತದೆ, ಕಣ್ಣು ಅಲುಗುತ್ತದೆ. ಅಭ್ಯಾಸ ಪೂರ್ತಿ ಸಡಿಲಾಗಿದೆ. ನಾಳೆಯಿಂದ ಮೊದಲ ಪಾಠದಿಂದ ಶುರುಮಾಡಿ.”

ಹೂಂ ಎಂದೆ. ಬಾಯಿ ಕನ್ನಡಕ ತೆಗೆದು ಮೂಲೆಯ ಕಡೆ ಕೈ ತೋರಿಸಿದರು. ಬಟ್ಟಲಿನ ಸದ್ದಿಗೂ ಏಳದೆ ರೇವತಿ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು, ಗಲ್ಲ ಒಂದಿಷ್ಟೇ ಒಳಗೆಳೆದು, ಮುಖದಲ್ಲಿ ಭಕ್ತಿ ಕೆಡದಂತೆ ಕೂತಿದ್ದಳು.

“ಬಂದು ಎರಡು ವಾರವೂ ಆಗಿಲ್ಲ ಅಂತೆ. ನೋಡಿ, ಆ ಹುಡುಗಿಯನ್ನು ನೋಡಿ ಕಲಿಯಿರಿ” ಎಂದರು.

ನಾನು ಅವಳನ್ನು ನೋಡುತ್ತ ಕೂತೆ. ಉಸಿರು ಉದ್ದವಾಗಿತ್ತು.